ಪ್ರಭು ಹುಟ್ಟಿರದಿದ್ದರೆ

ಧಾರವಾಡದ ಕೆಲಗೇರಿ ಕೆರೆಯ ದಂಡೆಗೆ ಆ ಯಂತ್ರ ಬಂದಾಗ ಜನ ಮೊದಲು ಅದನ್ನು ನಂಬಲಿಲ್ಲ. ಆಮೇಲೆ ಅದಕ್ಕೊಂದು ಅಡ್ಡಹೆಸರಿಟ್ಟು ತಮ್ಮದಾಗಿ ಮಾಡಿಕೊಂಡರು. ಸರ್ಕಾರಿ ಆದೇಶಗಳಲ್ಲಿ ಅದು ‘ವಾದ ಪರೀಕ್ಷಣಾ ವ್ಯವಸ್ಥೆ’. ಊರವರ ಬಾಯಲ್ಲಿ ‘ಮೊರ’. ಕಾಳು ಕೇರಿ ಜೊಳ್ಳು ಹಾರಿಸುವ ಮೊರ.

ಜನರ ಮನೆಯೊಳಗೆ ಕೈ ಹಾಕುವಂಥ ಕಾನೂನು ಬರುವುದಿದ್ದರೆ, ಅದರ ಪರವಾಗಿಯೋ ವಿರುದ್ಧವಾಗಿಯೋ ಹೇಳುವುದಿರುವವರು ಇಲ್ಲಿಗೆ ಬಂದು ಹೇಳಬೇಕು. ಮೊರ ‘ಗಟ್ಟಿ’ ಎಂದರೆ ಆ ಮಾತು ವಿಧಾನಸಭೆಯ ಮುಂದೆ ಹೋಗುತ್ತದೆ. ‘ಜೊಳ್ಳು’ ಎಂದರೆ ಇಲ್ಲೇ ಉಳಿಯುತ್ತದೆ. ಹೇಳಿದವನು ಮಠಾಧೀಶನೋ ಹಮಾಲಿಯೋ ಮೊರಕ್ಕೆ ತಿಳಿಯದು. ದನಿಯ ಗತ್ತನ್ನೂ ಬಿಕ್ಕನ್ನೂ ಸೋಸಿ ಬರೀ ವಾಕ್ಯವನ್ನಷ್ಟೇ ಅದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಅದು ಮಾಡುತ್ತಿದ್ದದ್ದು ಕೇಳಲಿಕ್ಕೆ ಸರಳ. ಕಾನೂನು ಇರುವ ಒಂದು ಲೋಕ, ಇಲ್ಲದ ಇನ್ನೊಂದು ಲೋಕ, ಎರಡನ್ನೂ ತನ್ನೊಳಗೆ ಕಟ್ಟುತ್ತಿತ್ತು. ಹೇಳಿದ ಕಾರಣ ನಿಜವಾದರೆ ಈ ಲೋಕದಿಂದ ಆ ಲೋಕಕ್ಕೆ ಯಾರ ಬದುಕು ಎಷ್ಟು ಬದಲಾಗುತ್ತದೆ ಎಂದು ಒಬ್ಬೊಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡುತ್ತಿತ್ತು. ಬದಲಾವಣೆ ದೊಡ್ಡದಾಗಿದ್ದು, ಅದು ಹೇಳಿದ ಕಾರಣದಿಂದಲೇ ಆಗಿದ್ದರೆ ಗಟ್ಟಿ. ಇಲ್ಲವಾದರೆ ಜೊಳ್ಳು.

ಮಹಾನಂದಾ ಅಲ್ಲಿ ಪರಿಶೀಲಕಿ. ಮಾತು ಬಲ್ಲವನ ಪೊಳ್ಳು ವಾದ ಗೆದ್ದು, ಮಾತು ಬಾರದವನ ನಿಜವಾದ ವಾದ ಸೋಲಬಾರದೆಂದು ಪ್ರತಿ ಕೋಣೆಯಲ್ಲೂ ಒಬ್ಬೊಬ್ಬ ಮನುಷ್ಯರನ್ನು ಪರಿಶೀಲಕರೆಂದು ಕೂಡಿಸಿದ್ದರು. ಬಂದವರ ಮಾತನ್ನು ಅದಕ್ಕಿರಬಹುದಾದ ಅತ್ಯಂತ ಗಟ್ಟಿ ರೂಪದಲ್ಲಿ ಮೊರದ ಮುಂದಿಡುವುದಕ್ಕೆ ನೆರವಾಗುವುದು ಆಕೆಯ ಕೆಲಸ. ಆ ಮಾತು ತನಗೆ ಒಪ್ಪಿಗೆಯಾದರೂ ಅಷ್ಟೆ, ಮೈ ಉರಿಸಿದರೂ ಅಷ್ಟೆ. ಕೆಲಸಕ್ಕೆ ಸೇರುವಾಗ ಅದಕ್ಕೆಂದೇ ಪ್ರಮಾಣ ಮಾಡಿಸಿಕೊಂಡಿದ್ದರು.

ಅದಕ್ಕೂ ಮುಂಚೆ ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮಗ ಪ್ರಭು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದ್ದರು. ಬಸುರಿದ್ದಾಗ ಗ್ರಹಣ ನೋಡಿರಬೇಕು ಎಂದರೊಬ್ಬರು. ಸೋದರಿಕೆಯಲ್ಲಿ ಕೊಟ್ಟು ತಂದರೆ ಹೀಗೇ ಎಂದರು ಮತ್ತೊಬ್ಬರು. ಅವರೇ ಲಗ್ನದಲ್ಲಿ ಮುಂದೆ ನಿಂತು ಅಕ್ಕಿಕಾಳು ಹಾಕಿದವರು. ಒಳ್ಳೆಯವರನ್ನೇ ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದವರೂ ಇದ್ದರು. ಮಹಾನಂದಾ ಎಲ್ಲರಿಗೂ ತಲೆಯಾಡಿಸಿದ್ದಳು. ಕಾರಣ ಹೇಳಿದವರು ಅದನ್ನು ತೋರಿಸಿಯೂ ಕೊಡಬೇಕಾದಂಥ ಜಾಗ ಈ ಲೋಕದಲ್ಲಿ ಎಲ್ಲಾದರೂ ಇದ್ದರೆ ಅಲ್ಲಿಗೆ ಹೋಗಿಬಿಡಬೇಕು ಅಂತ ಆಗ ಒಳಗೊಳಗೇ ಅನ್ನಿಸಿತ್ತು. ಮೊರ ಬಂದ ಸುದ್ದಿ ತಿಳಿದ ಕೂಡಲೇ ಅರ್ಜಿ ಹಾಕಿದಳು.

ಆ ವರ್ಷ ಬಂದ ಮಸೂದೆ ಮದುವೆಯದು. ಲಗ್ನಕ್ಕೆ ಮುಂಚೆ ಹುಡುಗ ಹುಡುಗಿ ಇಬ್ಬರಿಗೂ ರಕ್ತಪರೀಕ್ಷೆ ಕಡ್ಡಾಯ. ಇಬ್ಬರೂ ಒಂದೇ ರೋಗದ ವಾಹಕರಾಗಿದ್ದರೆ ಆ ಮದುವೆಗೆ ನೋಂದಣಿ ಇಲ್ಲ. ಮಸೂದೆಯಲ್ಲಿ ಎಲ್ಲಕ್ಕಿಂತ ಮೊದಲು ಹೆಸರಿಸಿದ್ದ ರೋಗ ಥಲಸ್ಸೇಮಿಯಾ. ವಾಹಕರಿಗೆ ಏನೂ ಆಗುವುದಿಲ್ಲ, ತಾವು ವಾಹಕರೆಂಬುದೂ ಗೊತ್ತಾಗುವುದಿಲ್ಲ. ಆದರೆ ಇಬ್ಬರೂ ವಾಹಕರಾದಾಗ ಹುಟ್ಟುವ ಕೂಸಿಗೆ ಇಬ್ಬರಿಂದಲೂ ಆ ದೋಷ ಬಂತೆಂದರೆ, ಅದರ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಬದುಕಿರುವಷ್ಟು ದಿನ ಕೆಲವು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಏರಿಸಿದ ರಕ್ತದೊಳಗಿನ ಕಬ್ಬಿಣ ಮೈಯಲ್ಲಿ ಕೂಡುತ್ತ ಹೋಗಿ ಕಡೆಗೊಂದು ದಿನ ಎದೆಗೇ ಬಂದು ಕೂರುತ್ತದೆ. ಪ್ರಭು ಹೋದದ್ದು ಹಾಗೆ.

ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ನದಾಫ್ ಮಸೂದೆಯ ಪ್ರತಿ ಕೈಗೆ ಬಂದ ದಿನವೇ ಆಕೆಯ ಮೇಜಿನ ಹತ್ತಿರ ಬಂದು ನಿಂತಿದ್ದ.

“ಮೇಡಂ, ಇದು ಮುಗಿಯೂತನಾ ನೀವು ನೀರಾವರಿ ಮಸೂದಿ ಕೋಣಿಗೆ ಹೋಗ್ರಿ. ನಾ ಹೇಳಿ ಹಾಕಿಸಿಕೊಡ್ತೀನಿ.”

“ಬ್ಯಾಡ್ರಿ ನದಾಫ್. ಇದನ್ನ ಬಿಟ್ಟು ಹೋದ್ರ ಉಳಿದಿದ್ದೆಲ್ಲಾ ಮಾಡಿ ಏನ್ ಬಂತು?”

ನದಾಫ್ ಮತ್ತೆ ಒತ್ತಾಯ ಮಾಡಲಿಲ್ಲ.

ಜನ ಸಾಲುಗಟ್ಟಿ ಬಂದರು. ಜಾತಕ ನೋಡುವವರು ರಕ್ತವನ್ನೂ ನೋಡಿದರೆ ತಪ್ಪೇನು ಎಂದ ಒಬ್ಬ ನಿವೃತ್ತ ಮಾಸ್ತರರ ಮಾತಿಗೆ ಮೊರ ಜೊಳ್ಳು ಎಂದಿತು. ಒಂದನ್ನು ಮಾಡುತ್ತಾರೆಂಬುದು ಇನ್ನೊಂದನ್ನು ಕಡ್ಡಾಯ ಮಾಡಲು ಕಾರಣವಲ್ಲ. ಬೇರೆ ದೇಶಗಳಲ್ಲಿ ಇದೆಯಲ್ಲ ಎಂದ ವಕೀಲರಿಗೂ ಅದೇ ಉತ್ತರ. ಮದುವೆ ದೇವರು ಬರೆದದ್ದು ಎಂದು ವಿರೋಧಿಸಿದ ಹಿರಿಯರೊಬ್ಬರು ತಮ್ಮ ಮಾತೂ ಜೊಳ್ಳಾದದ್ದು ಕೇಳಿ ಯಂತ್ರಕ್ಕೇ ಶಾಪ ಹಾಕಿ ಹೋದರು. ಪರೀಕ್ಷೆಯ ಸುದ್ದಿ ಹೊರಬಿದ್ದರೆ ಹುಡುಗನಿಗೆ ಬೇರೆ ಹೆಣ್ಣು ಸಿಗುತ್ತದೆ, ಹುಡುಗಿಯ ಹೆಸರು ಮಾತ್ರ ಊರೆಲ್ಲ ಆಡಿಕೊಳ್ಳುವ ಮಾತಾಗುತ್ತದೆ ಎಂದು ಅಂಗನವಾಡಿಯ ಶಿಕ್ಷಕಿಯೊಬ್ಬಳು ಹೇಳಿದಾಗ ಮೊರ ಸ್ವಲ್ಪ ಹೊತ್ತು ತನ್ನೆರಡು ಲೋಕಗಳನ್ನು ತಡಕಾಡಿ ‘ಗಟ್ಟಿ’ ಎಂದಿತು.

ಸ್ಫೂರ್ತಿ ಎಂಬ ಹುಡುಗಿಯೊಬ್ಬಳು ಬಂದಳು. ಆಕೆಯೂ ವಾಹಕಿ, ಆಕೆ ಮೆಚ್ಚಿದ ಹುಡುಗನೂ ವಾಹಕ.

“ನಮಗ ಮಕ್ಕಳು ಬ್ಯಾಡ್ರಿ. ಬೇಕು ಅನಸಿದ್ರ ಯಾವುದರೆ ಕೂಸನ್ನ ತಂದು ಸಾಕ್ತೀವಿ,” ಅಂದಳು. “ನಮಗ ಬೇಕಾಗಿರೋದು ನಾವಿಬ್ರು. ಹುಟ್ಟದಿರೋ ಕೂಸಿನ ಸಲುವಾಗಿ ಇರೋ ನಮ್ಮನ್ನ ಯಾಕ ಅಗಲಸ್ತೀರಿ?”

ಮಹಾನಂದಾ ಆ ಮಾತಿನ ಒಂದಕ್ಷರವನ್ನೂ ತಿದ್ದದೆ ಮೊರದ ಮುಂದಿಟ್ಟಳು. ಗಟ್ಟಿ. ಹುಡುಗಿ ಎದ್ದು ಹೋಗುವಾಗ ಬಾಗಿಲ ಹೊರಗೆ ಕಾದಿದ್ದ ಹುಡುಗ ಆಕೆಯ ಕೈಚೀಲ ತೆಗೆದುಕೊಂಡ. ಏನಾಯಿತು ಎಂದು ಅವನು ಕೇಳಲಿಲ್ಲ, ಮುಖ ನೋಡಿಯೇ ನಕ್ಕ. ಮಹಾನಂದಾ ಮುಂದಿನವರನ್ನು ಕರೆಯುವುದನ್ನೂ ಮರೆತು ಅವರು ಹೋದ ದಾರಿಯನ್ನೇ ನೋಡುತ್ತ ಕೂತಳು. ಗುರುಸಿದ್ಧನೂ ಒಂದು ಕಾಲಕ್ಕೆ ಹೀಗೇ ನಗುತ್ತಿದ್ದ.

ಗುರುಸಿದ್ಧ ಆಕೆಯ ಗಂಡ, ಸೋದರಮಾವನ ಮಗ. ಕೆಲಸ ರೈಲು ಡ್ರೈವರನದು. ಮದುವೆಗೆ ಮುಂಚೆ ನವಲಗುಂದಕ್ಕೆ ಅತ್ತೆಯನ್ನು ನೋಡುವ ನೆಪ ಹೇಳಿಕೊಂಡು ಬಂದು ಅತ್ತೆಯ ಮಗಳ ಮುಂದೆ ಕೂತು ರೈಲಿನ ಸುದ್ದಿ ಹೇಳಿದ್ದೇ ಹೇಳಿದ್ದು. ಯಾವ ಸ್ಟೇಷನ್ನಿನಲ್ಲಿ ಚಹಾ ಚೆನ್ನ, ಯಾವ ತಿರುವಿನಲ್ಲಿ ನವಿಲು ಹಳಿಯ ಮೇಲೆ ನಿಂತು ಜಗ್ಗದು, ಲೋಂಡಾದ ಕಾಡಿನಲ್ಲಿ ಗಾಡಿ ನಿಂತಾಗ ಮೌನ ಹೇಗಿರುತ್ತದೆ, ಎಲ್ಲಾ. ಲಗ್ನವಾದ ಮೇಲೂ ಹಾಗೇ ಇದ್ದ. ಮಗನ ರೋಗ ತಿಳಿದ ದಿನದಿಂದ ಮಾತು ಕಡಿಮೆಯಾಯಿತು. ರಕ್ತ ಏರಿಸುವ ದಿನಗಳಲ್ಲಿ ಕೇಳಿ ಕೇಳಿ ಡ್ಯೂಟಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದ. ಸೂಜಿ ಚುಚ್ಚುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ ಎಂಬುದು ಮಹಾನಂದಾಗೆ ಗೊತ್ತಿತ್ತು. ಗೊತ್ತಿದ್ದೂ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತಾಗ ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು. ಮಗ ಹೋದ ಮೇಲಂತೂ ಅವನ ಹೆಸರನ್ನೇ ಗುರುಸಿದ್ಧ ಬಾಯಲ್ಲಿ ತರಲಿಲ್ಲ. ಆಕೆ ಎತ್ತಿದರೆ ಎದ್ದು ಹೋಗುತ್ತಿದ್ದ. ಆಕೆಯೂ ಬಿಟ್ಟಳು.

ಅವರ ಮನೆ ಮಾಳಮಡ್ಡಿಯಲ್ಲಿ, ಸ್ಟೇಷನ್ನಿಗೆ ಹತ್ತಿರ. ಒಂದು ದಿನ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಗುರುಸಿದ್ಧ ಕೇಳಿದ:

“ಆ ಲಗ್ನದ ಕಾನೂನಿಂದು ನಿಮ್ಮಲ್ಲೇ ನಡದೈತೇನು?”

“ಹೌದ್ರಿ.”

“ಯಾರ್ ಬೇಕಾದವ್ರು ಬಂದು ಹೇಳಬಹುದಂತ?”

“ಯಾರ್ ಬೇಕಾದವ್ರು.”

ಅವನು ಮತ್ತೇನಾದರೂ ಹೇಳಿಯಾನು ಎಂದು ಮಹಾನಂದಾ ಕೈಯಲ್ಲಿ ಪಲ್ಯದ ಸೌಟು ಹಿಡಿದುಕೊಂಡೇ ಕಾದಳು. ಅವನು ಮಜ್ಜಿಗೆ ಕುಡಿದು ಎದ್ದ. ಗಾಡಿಗೆ ಹೊತ್ತಾಗಿತ್ತು.

ಮುಂದಿನ ವಾರ ಹೆಸರು ಕೂಗಿದಾಗ ಒಳಗೆ ಬಂದವನು ಅವನೇ.

ಡ್ಯೂಟಿಯ ಅಂಗಿ ಟೊಪ್ಪಿಗೆಯಲ್ಲೇ ಬಂದಿದ್ದ. ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ, ಬೇರೆ ಯಾರೋ ಇರುತ್ತಾರೆ ಎಂದುಕೊಂಡಿದ್ದವನಂತೆ. ಕೋಣೆಯ ಗಾಜಿನ ಗೋಡೆಯ ಆಚೆ ನದಾಫ್ ಎದ್ದು ನಿಂತ. ಹತ್ತಿರದ ಸಂಬಂಧಿಕರು ಬಂದರೆ ಪರಿಶೀಲಕರು ಎದ್ದು ಹೋಗಬೇಕು, ಇಲ್ಲವೇ ಬಂದವರೇ ‘ಇವರೇ ಇರಲಿ’ ಎನ್ನಬೇಕು. ಅದು ನಿಯಮ.

“ನಾ ಕೂಡತೀನ್ರಿ ಮೇಡಂ, ನೀವು ಹೊರಗ ಹೋಗ್ರಿ,” ಅಂದ ನದಾಫ್ ಒಳಗೆ ಬಂದು.

ಮಹಾನಂದಾ ಏಳಬೇಕಿತ್ತು. ಮನೆಯಲ್ಲಿ ಇಷ್ಟು ವರ್ಷ ಕಾದರೂ ಬಾರದಿದ್ದ ಮಾತು ಇನ್ನೊಂದು ಗಳಿಗೆಗೆ ಈ ಕೋಣೆಯಲ್ಲಿ ಬರಲಿತ್ತು. ತಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದರೆ ಅದು ಯಾರ ಕಿವಿಗೋ ಬೀಳುತ್ತದೆ. ಆಕೆ ಗಂಡನ ಮುಖ ನೋಡಿದಳು.

“ಆಕಿನೇ ಇರ್ಲಿ ಬಿಡ್ರಿ,” ಅಂದ ಗುರುಸಿದ್ಧ.

ನದಾಫ್ ಅದನ್ನು ದಾಖಲು ಮಾಡಿಕೊಂಡು ಗಾಜಿನ ಆಚೆ ಹೋದ. ಪರಿಶೀಲಕಿ ಯಾರು, ವಾದಿ ಯಾರು ಎಂಬುದು ಮೊರದೊಳಗೆ ಹೋಗುವಂತಿರಲಿಲ್ಲ. ಅದಕ್ಕೆ ಬಂದದ್ದು ಬರೀ ಮಾತು.

“ನಾ ಈ ಕಾನೂನಿನ ಪರ ಅದೀನಿ,” ಎಂದು ಶುರುಮಾಡಿದ ಗುರುಸಿದ್ಧ. ಎದುರಿನ ಮೇಜಿಗೆ ಹೇಳಿದಂತೆ ಹೇಳಿದ. “ಇಂಥಾದ್ದೊಂದು ಕಾನೂನು ಆಗಿನ ಕಾಲಕ್ಕೆ ಇದ್ದಿದ್ರ ನಮ್ಮ ಲಗ್ನ ಆಗತಿದ್ದಿಲ್ಲ. ನಮ್ಮ ಹುಡುಗ ಹುಟ್ಟತಿದ್ದಿಲ್ಲ. ಹುಟ್ಟದ ಇದ್ದಿದ್ರ ಛಲೋ ಇತ್ತು.”

ಮೊರದ ಹಳದಿ ದೀಪ ಹತ್ತಿತು. ಅದು ಸಾಮಾನ್ಯವಾಗಿ ಕ್ಷಣದೊಳಗೆ ಹಸಿರೋ ಕೆಂಪೋ ಆಗುತ್ತದೆ. ಈ ಸಲ ಆಗಲಿಲ್ಲ.

“ಯಾರಿಗೆ?” ಎಂದಿತು ಮೊರ.

“ಯಾರಿಗೆ ಅಂದ್ರ? ಅಂವಗ. ನನ್ನ ಮಗಗ.”

“ಕಾನೂನು ಇರುವ ಲೋಕದಲ್ಲಿ ನಿಮ್ಮ ಮಗ ಸಿಗುತ್ತಿಲ್ಲ. ಇಲ್ಲದವನಿಗೆ ಒಳ್ಳೆಯದಾಯಿತು ಎಂದು ತೂಗಲು ಆಗುವುದಿಲ್ಲ. ಯಾರಿಗೆ?”

ಗಾಜಿನ ಆಚೆ ನದಾಫ್ ತಲೆಯೆತ್ತಿ ನೋಡಿದ. ಬೇರೆಯವರ ಹತ್ತಿರ ಮೊರ ಸಂಖ್ಯೆ ಕೇಳುತ್ತಿತ್ತು, ಪುರಾವೆ ಕೇಳುತ್ತಿತ್ತು. ಈ ಪ್ರಶ್ನೆಯನ್ನು ಅದು ಯಾರಿಗೂ ಕೇಳಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಒಂದು ಲೋಕದ ಪ್ರಭುವನ್ನು ನಿಲ್ಲಿಸಿಕೊಂಡು ಅವನ ಎದುರಿಗೆ ನಿಲ್ಲಿಸಲು ಇನ್ನೊಂದು ಲೋಕದ ಪ್ರಭುವನ್ನು ಅದು ಹುಡುಕುತ್ತಿತ್ತು. ಅಲ್ಲಿ ಅವನಿರಲಿಲ್ಲ.

“ಹಂಗಾರ ನನಗ,” ಅಂದ ಗುರುಸಿದ್ಧ. ದನಿ ಗಡುಸಾಯಿತು. “ನನಗ ಛಲೋ ಇತ್ತು, ಬರಕೋ. ನೋಡೂದು ತಪ್ಪತಿತ್ತು.”

“ಆ ಲೋಕದಲ್ಲಿ ನಿಮಗೆ ಏನು ಕಡಿಮೆಯಾಗುತ್ತದೆ?”

ಗುರುಸಿದ್ಧ ಟೊಪ್ಪಿಗೆಯನ್ನು ತೊಡೆಯ ಮೇಲಿಂದ ತೆಗೆದು ಮೇಜಿನ ಮೇಲಿಟ್ಟ, ಮತ್ತೆ ತೊಡೆಯ ಮೇಲಿಟ್ಟುಕೊಂಡ.

“ಅಂವ,” ಅಂದ.

ದೀಪ ಕೆಂಪಾಯಿತು. ಜೊಳ್ಳು.

ಅಲ್ಲಿಗೆ ಮಹಾನಂದಾ ಸುಮ್ಮನಿದ್ದಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕೆಂಪು ದೀಪ ಕಂಡಾಗ ಆಕೆಯ ಎದೆಯ ಮೇಲಿಂದ ಏನೋ ಇಳಿದಂತಾಗಿತ್ತು. ತನ್ನ ಮಗ ಹುಟ್ಟಬಾರದಿತ್ತು ಎಂಬ ಮಾತಿಗೆ ಯಂತ್ರದಲ್ಲೂ ತೂಕ ಬರಲಿಲ್ಲ. ಆದರೆ ಗಂಡನ ಕೈ ನೋಡಿದಳು. ಮೈಲುಗಟ್ಟಲೆ ಉದ್ದದ ಗೂಡ್ಸ್ ಗಾಡಿಯನ್ನು ಹಿಡಿದು ನಿಲ್ಲಿಸುವ ಕೈ, ಟೊಪ್ಪಿಗೆಯ ಅಂಚನ್ನು ಹಿಂಡುತ್ತಿತ್ತು. ಅವನು ಇಷ್ಟು ವರ್ಷ ಹೊತ್ತದ್ದನ್ನೆಲ್ಲ ತಂದು ಇಲ್ಲಿ ಇಳಿಸಿದ್ದ, ಅದಕ್ಕೆ ಜೊಳ್ಳು ಎಂಬ ಹೆಸರು ಬಂದಿತ್ತು. ಅದು ಜೊಳ್ಳಲ್ಲ ಎಂಬುದು ಆಕೆಗೆ ಗೊತ್ತಿತ್ತು. ಹೇಳಿದ ರೀತಿ ತಪ್ಪಿತ್ತು. ಅದನ್ನು ಸರಿಮಾಡುವುದು ತಾನು ಪ್ರಮಾಣ ಮಾಡಿದ ಕೆಲಸ.

“ನಿಮಗ ಎಲ್ಲಕ್ಕಿಂತ ಹೆಚ್ಚು ಯಾವುದು ಕಾಡತೈತಿ, ಅದನ್ನ ಹೇಳ್ರಿ,” ಅಂದಳು. ಮನೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

ಅವನು ಆಗ ಮೊದಲ ಸಲ ಆಕೆಯ ಕಡೆ ತಿರುಗಿದ.

“ಆ ಟಾನಿಕ್,” ಅಂದ. “ಕೂಸು ಬೆಳ್ಳಗ ಆಗೈತಿ, ರಕ್ತ ಕಡಿಮಿ ಐತಿ ಅಂತ ಕಬ್ಬಿಣದ ಟಾನಿಕ್ ತಂದು ತಂದು ಹಾಕಿದ್ವಲ್ಲ. ಒಲ್ಲೆ ಅಂತ ಮಾರಿ ತಿರುವಿದ್ರೂ ಬೆಲ್ಲಾ ತೋರಿಸಿ ಕುಡಿಸಿದ್ವಿ. ಯಾವುದು ಅಂವಗ ವಿಷ ಆಗಿತ್ತೋ ಅದನ್ನ. ಗೊತ್ತಿದ್ರ ಯಾರ್ ಕುಡಸ್ತಿದ್ರು?”

ಮಹಾನಂದಾಗೂ ಆ ಚಮಚೆಯ ನೆನಪಿತ್ತು. ಆಕೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಮೊರದ ಕಡೆ ತಿರುಗಿ, ಬರೆದ ಮಾತು ಓದುವಷ್ಟು ಸ್ಪಷ್ಟವಾಗಿ ಹೇಳಿದಳು:

“ವಾದಿಯ ಮಾತನ್ನು ತಿದ್ದಿ ಇಡುತ್ತಿದ್ದೇನೆ. ತಾವಿಬ್ಬರೂ ವಾಹಕರೆಂದು ತಂದೆತಾಯಿಗೆ ಮೊದಲೇ ತಿಳಿದಿದ್ದರೆ, ಕೂಸಿನ ರೋಗವನ್ನು ಹುಟ್ಟಿದಾಗಿನಿಂದಲೇ ಗುರುತಿಸಬಹುದಿತ್ತು. ತಪ್ಪು ಔಷಧ ಕೊಡುತ್ತಿರಲಿಲ್ಲ. ಸರಿಯಾದ ಚಿಕಿತ್ಸೆ ತಡವಾಗುತ್ತಿರಲಿಲ್ಲ. ಆದ್ದರಿಂದ ಮದುವೆಗೆ ತಡೆ ಬೇಡ, ಮದುವೆಗೆ ಮುಂಚೆ ಪರೀಕ್ಷೆ ಮಾತ್ರ ಕಡ್ಡಾಯವಾಗಬೇಕು.”

“ಯಾರಿಗೆ ಒಳ್ಳೆಯದು?”

“ಪ್ರಭುವಿಗೆ.”

ಹಳದಿ ದೀಪ ಹತ್ತಿ ಉಳಿಯಿತು. ಒಳಗೆ ಎಲ್ಲೋ ಮೊರ ಮತ್ತೆ ಎರಡು ಲೋಕ ಕಟ್ಟುತ್ತಿತ್ತು. ಈ ಸಲ ಎರಡರಲ್ಲೂ ಪ್ರಭು ಸಿಗುತ್ತಾನೆ ಎಂದುಕೊಂಡಳು ಮಹಾನಂದಾ. ಒಬ್ಬ ಮುಖ ತಿರುಗಿಸಿ ಟಾನಿಕ್ ಕುಡಿದವನು. ಇನ್ನೊಬ್ಬ ಆ ಚಮಚೆಯನ್ನು ಕಾಣದವನು. ಅವನು ಈಗ ಎಷ್ಟು ಎತ್ತರವಿರುತ್ತಿದ್ದ, ಮೀಸೆ ಬರುತ್ತಿತ್ತೇ, ಅಪ್ಪನಂತೆ ಮಾತುಗಾರನಾಗುತ್ತಿದ್ದನೇ? ಒಂದು ಯಂತ್ರದ ಒಳಗಾದರೂ ಆ ಹುಡುಗ ಈ ಗಳಿಗೆಯಲ್ಲಿ ನಿಂತಿದ್ದಾನೆ ಎಂದು ಅನ್ನಿಸಿ, ಎದ್ದು ಆ ಲೋಹದ ಪೆಟ್ಟಿಗೆಯನ್ನು ಮುಟ್ಟಬೇಕೆನಿಸಿತು. ದೀಪ ಹಸಿರಾಗುವುದೂ ಬೇಡ, ಕೆಂಪಾಗುವುದೂ ಬೇಡ, ಇದು ಹೀಗೇ ಇರಲಿ.

ಮೊರ ಮಾತಾಡಿತು.

“ಪರೀಕ್ಷೆಯ ಫಲ ಮದುವೆಗೆ ಮುಂಚೆ ತಿಳಿಯುತ್ತದೆ. ಅದು ತಿಳಿದೂ ವಾದಿ ತಮ್ಮ ಹೆಂಡತಿಯನ್ನು ಮದುವೆಯಾಗುತ್ತಿದ್ದರೇ? ಆಗುತ್ತಿದ್ದರೆ ಮಾತ್ರ ಆ ಲೋಕದಲ್ಲಿ ಈ ಮಗ ಇರುತ್ತಾನೆ. ಉತ್ತರ ಬೇಕು.”

ಗುರುಸಿದ್ಧ ಹೆಂಡತಿಯನ್ನು ನೋಡಿದ. ಮಹಾನಂದಾ ಮೇಜನ್ನು ನೋಡಿದಳು. ಯಾವ ಪ್ರಶ್ನೆಯನ್ನೂ ಬಿಡಿಸಿ ಸರಳ ಮಾಡಿಕೊಡುವುದು ಆಕೆಯ ಕೆಲಸವಾಗಿತ್ತು. ಈ ಪ್ರಶ್ನೆಯಲ್ಲಿ ಬಿಡಿಸುವುದೇನೂ ಇರಲಿಲ್ಲ.

“ನಂಗ ಗಾಡಿ ಐತಿ,” ಅಂದ ಗುರುಸಿದ್ಧ. ಎದ್ದು ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ.

“ವಾದ ಅಪೂರ್ಣ,” ಎಂದಿತು ಮೊರ.

ನದಾಫ್ ಒಂದು ಲೋಟ ನೀರು ತಂದು ಆಕೆಯ ಮುಂದಿಟ್ಟ. ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದ:

“ಇದನ್ನ ಇಲ್ಲಿಗೇ ಬಿಟ್ಟುಬಿಡ್ರಿ ಮೇಡಂ. ಎಷ್ಟೋ ಮಂದಿದು ಅಪೂರ್ಣ ಅಂತ ಬಿದ್ದಾವು.”

“ನಂಗ ಉತ್ತರ ಬೇಕ್ರಿ ನದಾಫ್,” ಅಂದಳು ಮಹಾನಂದಾ. “ಮಸೂದಿಗಲ್ಲ.”

ಗುರುಸಿದ್ಧ ಮರುದಿನ ಮಧ್ಯಾಹ್ನ ಮನೆಗೆ ಬಂದ. ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಅಂದು ಆಕೆಗೆ ರಜೆಯೇನೂ ಇರಲಿಲ್ಲ, ತಾನೇ ರಜೆ ಹಾಕಿದ್ದಳು.

“ನಿಂಗ ಸಿಟ್ಟು ಬಂದೈತೇನು?” ಅಂದ.

“ಇಲ್ರಿ.”

“ಅಂವ ಹುಟ್ಟಬಾರದಿತ್ತು ಅಂತ ಅಂದೆ ನಾ.”

“ಕೇಳಿಸ್ಕೊಂಡೆ.” ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. “ಅದಕ್ಕ ಉತ್ತರ ನೀವ ಹೇಳಿದ್ರಿ. ‘ಅಂವ’ ಅಂದ್ರಿ. ನಂಗ ಅದಕ್ಕ ಸಿಟ್ಟಿಲ್ಲ.” ಹಿಟ್ಟಿನ ಕೈ ಒರೆಸಿಕೊಂಡಳು. “ಇನ್ನೊಂದಕ್ಕ ಹೇಳ್ರಿ. ಮೊದಲ ಗೊತ್ತಿದ್ರ ನನ್ನ ಲಗ್ನ ಆಗತಿದ್ರೇನು?”

ಗುರುಸಿದ್ಧ ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತ. ಎದ್ದು ಹೋಗಲಿಲ್ಲ, ಅದೇ ಆಕೆಗೆ ದೊಡ್ಡದೆನಿಸಿತು.

“ನಿನ್ನೆ ಲೋಂಡಾದ ತನಕಾ ಅದನ್ನ ವಿಚಾರ ಮಾಡಿದೆ,” ಅಂದ. “ಆಗತಿದ್ದೆ ಅಂತ ಹೇಳಾಕ ಭಾಳ ಆಸೆ ಐತಿ ನಂದಾ. ಆದ್ರ ಆಗತಿದ್ದಿಲ್ಲ. ನಿನ್ನ ಮ್ಯಾಲ ಎಷ್ಟು ಜೀವಾ ಇತ್ತೋ ಅಷ್ಟೂ ಇಟ್ಕೊಂಡು ಬ್ಯಾಡ ಅಂತಿದ್ದೆ. ನನ್ನಪ್ಪ ಒಂದು ಮಾತು ಅಂದಿದ್ರ ಮುಗೀತಿತ್ತು. ಆ ವಯಸ್ಸಿನಾಗ ನಾ ಭಾಳ ಪುಕ್ಕಲ ಇದ್ದೆ. ಬ್ಯಾರೆ ಯಾರನ್ನರೆ ಮಾಡ್ಕೊಂಡು, ನವಲಗುಂದದ ಕಡೀ ಗಾಡಿ ಹೋದಾಗೊಮ್ಮೆ ಮಾರಿ ಆಚೀಕಡೆ ತಿರುವತಿದ್ದೆ.”

ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಮಹಾನಂದಾ ಅದನ್ನು ತಿರುವಲಿಲ್ಲ.

“ಅದಕ್ಕ ಒಮ್ಮೊಮ್ಮೆ ನಮಗ ಗೊತ್ತಿರಲಿಲ್ಲಲ್ಲ ಅಂತ ದೇವರಿಗೆ ಕೈ ಮುಗೀತೀನಿ,” ಅಂದ ಗುರುಸಿದ್ಧ. “ಮತ್ತ ಅದೇ ಕೈಲೇ, ಯಾಕ ಗೊತ್ತು ಮಾಡ್ಲಿಲ್ಲೋ ಅಂತ ಎದಿ ಬಡ್ಕೋತೀನಿ. ಎರಡೂ ಖರೇನ. ಇದನ್ನ ಆ ಯಂತ್ರಕ್ಕ ಹೆಂಗ ಹೇಳೂದು?”

ಆಕೆ ಒಲೆ ಆರಿಸಿದಳು. ನೋವಾಯಿತೇ ಎಂದು ತನ್ನನ್ನೇ ಕೇಳಿಕೊಂಡಳು. ಆಗಿತ್ತು. ಆದರೆ ಇಷ್ಟು ವರ್ಷದ ಆ ಮೌನದಷ್ಟು ಇದು ನೋಯಲಿಲ್ಲ. ಸುಳ್ಳು ಹೇಳಿದ್ದರೆ ಆ ಕ್ಷಣಕ್ಕೆ ಹಿತವಾಗುತ್ತಿತ್ತು. ಅವನು ಮಾತ್ರ ಮತ್ತೆ ದೂರ ಹೋಗುತ್ತಿದ್ದ.

“ನೀ ಆಗತಿದ್ದೇನು?” ಅವನು ಕೇಳಿದ.

“ನನ್ನ ಉತ್ತರಕ್ಕ ತೂಕ ಇಲ್ರಿ,” ಅಂದಳು ಮಹಾನಂದಾ. “ಆಗತಿದ್ದೆ ಅಂತೀನಿ. ಆದ್ರ ನಂಗ ಈಗ ಅಂವ ಗೊತ್ತು. ಅಂವನ್ನ ಕಂಡಾಕಿ ಹೇಳೂ ಮಾತದು. ಕಾಣದ ಇದ್ದಾಗಿನ ಹುಡುಗಿ ಏನಂತಿದ್ಲೋ, ಆಕೀನ ಕೇಳಬೇಕು. ಆಕಿ ಈಗ ಎಲ್ಲೆದಾಳ?”

ಮರುದಿನ ಆಕೆ ಮೊರದ ಮುಂದೆ ಕೂತು, ಗಂಡನ ಒಪ್ಪಿಗೆಯ ಮೇಲೆ, ವಾದಿಯ ಉತ್ತರ ‘ಇಲ್ಲ’ ಎಂದು ಹೇಳಿದಳು. ತಿಳಿಯುವುದು ಮದುವೆಗೆ ಮುಂಚೆಯಾದರೆ ಆ ಲೋಕದಲ್ಲಿ ಪ್ರಭು ಇಲ್ಲ. ಕಡ್ಡಾಯದ ಪರವಾದ ವಾದ ಅಲ್ಲಿಗೆ ಮುರಿಯಿತು. ಆದರೆ ತಿಳಿಯುವುದು ಕೂಸು ಹುಟ್ಟಿದ ದಿನವೇ ಆದರೆ? ಈ ಪ್ರಶ್ನೆಯನ್ನೂ ಆಕೆಯೇ ಇಟ್ಟಳು. ಎರಡೂ ಲೋಕಗಳಲ್ಲಿ ಪ್ರಭು ಸಿಕ್ಕ. ಹುಟ್ಟಿದ ಪ್ರತಿ ಕೂಸಿನ ರಕ್ತ ಪರೀಕ್ಷಿಸಬೇಕು ಎಂಬ ಮಾತಿಗೆ ಮೊರ ಒಂದು ಗಳಿಗೆಯೂ ತಡಮಾಡದೆ ‘ಗಟ್ಟಿ’ ಎಂದಿತು. ಮಹಾನಂದಾ ಸಹಿ ಮಾಡಿದಳು. ಕೆಳಗೆ ನದಾಫನೂ ಸಹಿ ಹಾಕಿದ.

ವಿಧಾನಸಭೆಗೆ ಹೋದ ಗಟ್ಟಿ ಮಾತುಗಳಲ್ಲಿ ಎಲ್ಲವನ್ನೂ ಸಭೆ ಒಪ್ಪಲಿಲ್ಲ, ಒಪ್ಪಿದ್ದನ್ನೂ ಪೂರ್ತಿ ಒಪ್ಪಲಿಲ್ಲ. ಕಡೆಗೆ ಬಂದ ಕಾನೂನಿನಲ್ಲಿ ಯಾರ ಮದುವೆಗೂ ತಡೆ ಇರಲಿಲ್ಲ. ಲಗ್ನಕ್ಕೆ ಮುಂಚೆ ಪರೀಕ್ಷೆ ಬೇಕೆಂದು ಕೇಳಿದವರಿಗೆ ಅದು ಸಿಗಬೇಕು, ಫಲ ಆ ಇಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯಬಾರದು. ಹುಟ್ಟಿದ ಕೂಸಿನ ಪರೀಕ್ಷೆ ಮಾತ್ರ ಕಡ್ಡಾಯ. ಇದು ಸಾಲದು ಎಂದು ಗೊಣಗಿದವರಿದ್ದರು, ಇದೂ ಹೆಚ್ಚಾಯಿತು ಎಂದವರೂ ಇದ್ದರು. ಸ್ಫೂರ್ತಿಯ ಮದುವೆ ನೋಂದಣಿಯಾಯಿತು ಎಂದು ನದಾಫ್ ಯಾರಿಂದಲೋ ಕೇಳಿ ಬಂದು ಹೇಳಿದ.

ಕಾನೂನು ಪಾಸಾದ ಸುದ್ದಿ ಬಂದ ದಿನ ಗುರುಸಿದ್ಧ ಮನೆಯಲ್ಲಿದ್ದ. ಸಂಜೆ ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಅವನು ಕೇಳಿದ:

“ನಾ ಇರದಾಗ, ದವಾಖಾನ್ಯಾಗ, ಪ್ರಭ್ಯಾ ಏನೇನ್ ಮಾತಾಡ್ತಿದ್ದ?”

ಮಹಾನಂದಾಗೆ ಆ ಹೆಸರು ಅವನ ಬಾಯಿಂದ ಬಂದದ್ದನ್ನು ಇನ್ನೊಂದಷ್ಟು ಹೊತ್ತು ಕಿವಿಯಲ್ಲಿ ಇಟ್ಟುಕೊಂಡಿರಬೇಕೆನಿಸಿತು.

“ರಕ್ತಾ ಯಾರು ಕೊಟ್ಟಿದ್ದು ಅಂತ ಗುರ್ತು ಹಿಡಿಯೂ ಆಟ ಆಡ್ತಿದ್ದ,” ಅಂದಳು. “ಒಂದ್ ಸಲ ಚೀಲ ಖಾಲಿ ಆಗೂದ ತಡಾ, ತೋಳು ಮಡಚಿ ತೋರಿಸಿ, ‘ಯವ್ವಾ, ಇದು ಪೈಲ್ವಾನಂದು’ ಅಂದ. ಮನೀಗೆ ಬರೂತನಾ ಎದಿ ಉಬ್ಬಿಸ್ಕೊಂಡ ನಡದ. ಇನ್ನೊಮ್ಮೆ, ‘ಇದು ಯಾರೋ ಮಿರ್ಚಿ ಭಜಿ ಮಾರೋರದು, ನಂಗ ಖಾರ ತಿನಬೇಕು ಅನಸಾಕತ್ತೈತಿ’ ಅಂತ ನರ್ಸ್ ಬಾಯಾರ್‌ನೆಲ್ಲಾ ನಗಿಸಿಬಿಟ್ಟ. ಹಾಡಾವ್ರದು ಅಂತ ಒಮ್ಮೆ ವಾರ್ಡ್ ತುಂಬಾ ಹಾಡಿದ.”

ಗುರುಸಿದ್ಧ ನಕ್ಕ. ಎಷ್ಟು ದಿನದ ಮೇಲೆ ನಗುತ್ತಿದ್ದನೋ, ದನಿ ಕೆಮ್ಮಿದಂತೆ ಹೊರಬಂತು.

“ಒಂದ್ ದಿನ ಮಾತ್ರ ಬೆಳಗಿಂದ ಸಂಜೀತನಾ ಮಾತ ಆಡ್ಲಿಲ್ಲ,” ಅಂದಳು ಮಹಾನಂದಾ. “ನಂಗ ಹೆದರಿಕಿ ಆತು. ಯಾಕೋ ಪ್ರಭ್ಯಾ, ಏನಾಗೈತಿ ಅಂದೆ. ಮೆಲ್ಲಕ ನನ್ನ ಕಿವಿ ಹತ್ರ ಬಂದು ಹೇಳಿದ, ‘ಸುಮ್ನಿರು ಬೇ. ಇವತ್ತಿಂದು ಅಪ್ಪಂದು.’”

ಗುರುಸಿದ್ಧ ಮುಖವನ್ನು ಅಂಗೈಯಿಂದ ಒರೆಸಿಕೊಂಡ. ಲೋಟ ಕೆಳಗಿಟ್ಟ. ಕಟ್ಟೆಯ ಮೇಲೆ ಆಕೆಯ ಕಡೆಗೆ ಇನ್ನೊಂದಿಷ್ಟು ಸರಿದು ಕೂತ.

“ಮತ್ತ?” ಅಂದ.